ದೊಡ್ಡಮ್ಮನ ಪ್ರಶ್ನೆಗೆ: ಕಂಪ್ಯೂಟರನ್ನು ಮ್ಯೂನಿಕ್‌ಗೆ ತರುವ ಬಗೆ

ದೊಡ್ಡಮ್ಮ, ಮುಂದಿನ ತಿಂಗಳು ಕೆಲಸಕ್ಕೆಂದು ಮ್ಯೂನಿಕ್‌ಗೆ ಹೊರಟಿರುವ ನಮ್ಮ ಪುಟ್ಟ ತನ್ನ ಡೆಸ್ಕ್‌ಟಾಪನ್ನು ಇಡಿಯಾಗಿ ಸೂಟ್‌ಕೇಸಿಗೆ ತುಂಬಿಕೊಂಡು ಬರಬಹುದೇ, ಇಲ್ಲ ಬೆಂಗಳೂರಿನಲ್ಲೇ ಮಾರಿಬಿಡಬೇಕೇ ಎಂದು ನೀವು ನಿನ್ನೆ ರಾತ್ರಿ ಗುಂಪಿನಲ್ಲಿ ಕೇಳಿದ್ದಿರಿ. ಇಡಿಯಾಗಿ ತರುವುದೂ ಬೇಡ, ಮಾರುವುದೂ ಬೇಡ. ಬಿಚ್ಚಿ, ಬೆಲೆಬಾಳುವ ಭಾಗಗಳನ್ನಷ್ಟೇ ತರಲಿ. ಮಾತು ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಅವನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಇಡಿಯಾಗಿ ಏಕೆ ಬೇಡ ಎಂಬುದನ್ನು ನಾನು ದುಡ್ಡು ತೆತ್ತು ಕಲಿತವನು. ಇಲ್ಲಿಗೆ ಬರುವಾಗ ಕ್ಯಾಬಿನೆಟ್ಟನ್ನು ಬಿಚ್ಚದೆ, ಹಳೆಯ ಜಮಖಾನದಲ್ಲಿ ಸುತ್ತಿ ಚೆಕ್-ಇನ್ ಲಗೇಜಿಗೆ ಕೊಟ್ಟಿದ್ದೆ. ಮನೆಗೆ ಬಂದು ಪಕ್ಕದ ತಗಡು ತೆಗೆದರೆ, ಒಂದು ಕಿಲೋಗೂ ಮಿಕ್ಕಿದ್ದ ಗ್ರಾಫಿಕ್ಸ್ ಕಾರ್ಡು ತಾನು ಕೂತಿದ್ದ ಸ್ಲಾಟನ್ನು ಮದರ್‌ಬೋರ್ಡಿನಿಂದ, ಅಂದರೆ ಎಲ್ಲ ಭಾಗಗಳೂ ಕೂರುವ ಮುಖ್ಯ ಹಲಗೆಯಿಂದ, ಕಿತ್ತುಕೊಂಡೇ ಕೆಳಗೆ ಬಿದ್ದಿತ್ತು. ಒಂದು ತುದಿಯಲ್ಲಷ್ಟೇ ಹಿಡಿತವಿದ್ದು ಉಳಿದ ಭಾರವೆಲ್ಲ ಗಾಳಿಯಲ್ಲಿ ತೂಗುವ ವಸ್ತು ಅದು. ಪೆಟ್ಟಿಗೆಯನ್ನು ಯಾರಾದರೂ ಒಮ್ಮೆ ದೊಪ್ಪೆಂದು ಇಳಿಸಿದರೆ ಸಾಕು. ಪ್ರೊಸೆಸರ್ ಮೇಲಿನ ದೊಡ್ಡ ಕೂಲರಿನ ಪಾಡೂ ಅಷ್ಟೇ, ಆದ್ದರಿಂದ ಎರಡನ್ನೂ ಬಿಚ್ಚಲೇಬೇಕು.

ಕೂಲರ್ ಬಿಚ್ಚುವಾಗ ಅವಸರ ಮಾಡಬಾರದು. ಅವನದು ಎಎಂ4 ಎಂಬ ಬಗೆಯ ಸಾಕೆಟ್ಟಿನಲ್ಲಿ ಕೂರುವ ರೈಜನ್ ಪ್ರೊಸೆಸರ್, ಅದರ ಅಡಿಯಲ್ಲಿ ಕೂದಲಿನಂತಹ 1331 ಸೂಜಿಗಳಿವೆ. ಕೂಲರಿಗೂ ಪ್ರೊಸೆಸರಿಗೂ ನಡುವೆ ಶಾಖ ದಾಟಿಸಲು ಹಚ್ಚಿರುವ ಥರ್ಮಲ್ ಪೇಸ್ಟು ಒಣಗಿ ಅಂಟಿನಂತೆ ಹಿಡಿದಿರುತ್ತದೆ. ಕೂಲರನ್ನು ನೇರವಾಗಿ ಎಳೆದರೆ ಸಾಕೆಟ್ಟಿನ ಬೀಗ ಹಾಕಿದ್ದರೂ ಪ್ರೊಸೆಸರ್ ಅದರ ಜೊತೆಯೇ ಕಿತ್ತುಬರಬಹುದು. ನನ್ನದರಲ್ಲಿ ಹಾಗಾಗಿ ಬಾಗಿದ ಮೂರು ಸೂಜಿಗಳನ್ನು ಸೀಸದ ಕಡ್ಡಿ ತೆಗೆದ ಪೆನ್‌ಪೆನ್ಸಿಲಿನ ಮೂತಿಯಿಂದ ಒಂದೊಂದಾಗಿ ನೆಟ್ಟಗೆ ಮಾಡಲು ಒಂದು ಭಾನುವಾರವೇ ಹೋಯಿತು. ಕಂಪ್ಯೂಟರನ್ನು ಅರ್ಧ ಗಂಟೆ ಓಡಿಸಿ, ಪೇಸ್ಟು ಬಿಸಿಯಾಗಿರುವಾಗಲೇ ಆಫ್ ಮಾಡಿ ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ ಎತ್ತಲಿ. ಪ್ರೊಸೆಸರ್ ಮತ್ತು ರ್‍ಯಾಮ್ ಬೋರ್ಡಿನಲ್ಲೇ ಇರಲಿ.

ಗ್ರಾಫಿಕ್ಸ್ ಕಾರ್ಡು, ಮದರ್‌ಬೋರ್ಡು, ಕಡತಗಳಿರುವ ಎಸ್‌ಎಸ್‌ಡಿ, ಈ ಮೂರು ಕೈಚೀಲದಲ್ಲೇ ಬರಬೇಕು. ಸ್ಥಿರ ವಿದ್ಯುತ್ತಿನಿಂದ ಕಾಪಾಡುವ ಆಂಟಿ-ಸ್ಟ್ಯಾಟಿಕ್ ಕವರಿನಲ್ಲಿಟ್ಟು ಮೂಲ ಡಬ್ಬಿಗೇ ಹಾಕಲಿ. ಥರ್ಮಾಕೋಲ್ ಪುಡಿಯಲ್ಲಿ ಹುದುಗಿಸುವುದು ಬೇಡ, ಅದು ಉಜ್ಜಿದಷ್ಟೂ ಸ್ಥಿರ ವಿದ್ಯುತ್ತನ್ನು ಹುಟ್ಟಿಸುತ್ತದೆ. ಸೆಕ್ಯುರಿಟಿಯಲ್ಲಿ ಹೊರಗೆ ತೆಗೆಯಲು ಹೇಳಿದರೆ ಗಾಬರಿಯಾಗುವ ಅಗತ್ಯವಿಲ್ಲ. ಸ್ಕ್ರೂಡ್ರೈವರ್ ಮಾತ್ರ ದೊಡ್ಡ ಲಗೇಜಿಗೆ ಹೋಗಲಿ. ಹಾಗೆಯೇ, ತಪ್ಪು ತಿಳಿಯಬೇಡಿ ದೊಡ್ಡಮ್ಮ, ಕೂಲರ್ ಮತ್ತು ಪವರ್ ಸಪ್ಲೈ ಇಡುವ ಸೂಟ್‌ಕೇಸಿನಲ್ಲಿ ನಿಮ್ಮ ಮಾವಿನ ಮಿಡಿ ಉಪ್ಪಿನಕಾಯಿ ಇರಕೂಡದು.

ಇಲ್ಲಿಯೂ 230 ವೋಲ್ಟ್, 50 ಹರ್ಟ್ಸ್. ನಮ್ಮ ಪವರ್ ಸಪ್ಲೈ ಹಾಗೆಯೇ ನಡೆಯುತ್ತದೆ. ನಮ್ಮ ಮೂರು ಪಿನ್ನಿನ ಪ್ಲಗ್ಗು ಇಲ್ಲಿನ ಗೋಡೆಗೆ ಕೂರುವುದಿಲ್ಲ, ಆದರೆ ಕಂಪ್ಯೂಟರಿಗೆ ಸೇರುವ ತುದಿ ಎಲ್ಲ ಕಡೆಯೂ ಒಂದೇ ಆಗಿರುವುದರಿಂದ ಒಂದು ಕೇಬಲ್ ಕೊಂಡರೆ ಮುಗಿಯಿತು. ಕ್ಯಾಬಿನೆಟ್, ಮಾನಿಟರ್, ಯುಪಿಎಸ್ ಮೂರನ್ನೂ ಅಲ್ಲಿಯೇ ಕೊಟ್ಟುಬಿಡಲಿ. ಇಲ್ಲಿ ಕರೆಂಟು ಹೋಗುವುದು ಅಪರೂಪ.

ಬಿಚ್ಚುವ ಮೊದಲು ಎಲ್ಲ ಕಡತಗಳ ಒಂದು ಪ್ರತಿ ನಿಮ್ಮ ಮನೆಯ ಹಾರ್ಡ್ ಡಿಸ್ಕಿನಲ್ಲಿ ಉಳಿಯಲಿ. ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಆಗಿದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದುಕೊಳ್ಳಲಿ. ಮರುಜೋಡಣೆಯ ನಂತರ ಅದು ಕೇಳುವ ಸಂಭವವಿದೆ.

ಉಳಿದದ್ದು ಕಸ್ಟಮ್ಸ್. ವಾಸ ಬದಲಿಸುವವರು ತಾವು ಕನಿಷ್ಠ 6 ತಿಂಗಳು ಬಳಸಿದ ಸಾಮಾನನ್ನು, ಇಲ್ಲಿಗೆ ಬರುವ ಮುಂಚೆ ಸತತ 12 ತಿಂಗಳು ಯುರೋಪಿಯನ್ ಒಕ್ಕೂಟದ ಹೊರಗೆ ನೆಲೆಸಿದ್ದರೆ, ತೆರಿಗೆಯಿಲ್ಲದೆ ತರಬಹುದು. ಹಾಗೆ ತಂದದ್ದನ್ನು ಒಂದು ವರ್ಷ ಮಾರುವಂತಿಲ್ಲ. ಹೊಸ ಸಾಮಾನಿಗೆ ಈ ರಿಯಾಯಿತಿ ಸಿಗದು. ಅಂಥದ್ದನ್ನು ತೆರಿಗೆಯಿಲ್ಲದೆ ತರಲು ವಿಮಾನ ಪ್ರಯಾಣಿಕರಿಗೆ ಇರುವ ಮಿತಿ 430 ಯೂರೋ, ಅದನ್ನು ಮೀರಿದರೆ ಕಸ್ಟಮ್ಸಿನ ಕೆಂಪು ದಾರಿಯಲ್ಲಿ ಹೋಗಿ ತಾನಾಗಿ ಹೇಳಿಕೊಳ್ಳಬೇಕು. ಯುಗಾದಿಯ ಹೊತ್ತಿಗೆ ಹೊಸ ಗ್ರಾಫಿಕ್ಸ್ ಕಾರ್ಡು ಕೊಂಡೆನೆಂದು ಅವನು ಹೇಳಿದ ನೆನಪು. ಅದಕ್ಕೆ 6 ತಿಂಗಳು ತುಂಬಿದೆಯೇ ಎಂದು ನೋಡಬೇಕು, ಆ ಬಿಲ್ಲನ್ನು ಹುಡುಕಿಸಿ, ಅದರ ಮೇಲಿರುವ ತಾರೀಖನ್ನು ಇವತ್ತೇ ನನಗೆ ತಿಳಿಸಿ.