ಸಹಾಯ ಬೇಕು: ಡಿಲೀಟ್ ಆದ ಬಿದ್ರಿ ನಕ್ಷೆಗಳನ್ನು ವಾಪಸ್ ಪಡೆಯೋದು ಹೇಗೆ?

ಎಲ್ಲರಿಗೂ ನಮಸ್ಕಾರ್ರಿ. ನಾವು ಬೀದರ್‌ನವರು. ನಮ್ಮ ಕಾಕಾ ಬಿದ್ರಿ ಕೆಲಸ (ಕಪ್ಪು ಲೋಹದ ಮೇಲೆ ಬೆಳ್ಳಿ ಕೂರಿಸುವ ಕಲೆ) ಮಾಡುತ್ತಾರೆ. ಹೂಜಿ, ತಟ್ಟೆಗಳಿಗಾಗಿ ಅವರು ಕೈಯಲ್ಲೇ ಬರೆದ ಹೂಬಳ್ಳಿ ನಕ್ಷೆಗಳನ್ನು ಸ್ಕ್ಯಾನ್ ಮಾಡಿ ಇಟ್ಟಿದ್ದೆವು. ಮನೆಯ ಹುಡುಗರು ಜಾಗ ಖಾಲಿ ಮಾಡಲು ಹೋಗಿ ಆ ಫೋಲ್ಡರನ್ನೇ ಶಿಫ್ಟ್ ಡಿಲೀಟ್ ಮಾಡಿದ್ದಾರೆ. ರೀಸೈಕಲ್ ಬಿನ್‌ನಲ್ಲೂ ಇಲ್ಲ. ಮೂಲ ಕಾಗದಗಳು ಮಳೆಗೆ ಹಾಳಾಗಿವೆ. ಕಾಕಾ ತುಂಬಾ ನೊಂದಿದ್ದಾರೆ.

ಅದು ಹಳೆಯ ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ ಅಲ್ಲ. ಅದೇ ಜಾಗದ ಮೇಲೆ ಹೊಸ ಫೈಲ್ ಬಿದ್ದರೆ ಹಳೆಯದು ಪೂರ್ತಿ ಅಳಿಸಿಹೋಗುತ್ತದೆ ಅಲ್ವಾ, ಅದಕ್ಕೇ ಡಿಸ್ಕ್ ಬಿಚ್ಚಿ ಇಟ್ಟಿದ್ದೇವೆ. ಬೇರೆ ಕಂಪ್ಯೂಟರ್‌ಗೆ ಜೋಡಿಸಿ, ಡಿಲೀಟ್ ಆದ ಫೈಲ್ ಹುಡುಕುವ ಸಾಫ್ಟ್‌ವೇರ್‌ಗಳಲ್ಲಿ ರೆಕುವಾ ಹಾಕಬೇಕೋ, ಫೋಟೊರೆಕ್ಕೋ? ಫೋಟೊರೆಕ್‌ನಲ್ಲಿ ಫೈಲ್ ಹೆಸರು ಉಳಿಯುವುದಿಲ್ಲ. ಪರವಾಗಿಲ್ಲ, ಚಿತ್ರ ಬಂದರೆ ಸಾಕು. ಮೊದಲು ಇಡೀ ಡಿಸ್ಕ್‌ನ ಇಮೇಜ್ (ಪೂರ್ತಿ ನಕಲು) ತೆಗೆಯಬೇಕಾ? ಬೀದರ್, ಕಲಬುರಗಿ ಕಡೆ ಈ ಕೆಲಸ ಗೊತ್ತಿರುವವರಿದ್ದರೆ ದಯವಿಟ್ಟು ತಿಳಿಸ್ರಿ.