ಹ್ಯಾನೋವೇರಿಯನ್ ಕುದುರೆ ಎಡಗಡೆ ಕ್ಯಾಂಟರ್ ತೆಗೆದುಕೊಳ್ಳುತ್ತಿಲ್ಲ, ಹಲ್ಲು, ಜೀನು, ಲಾಳ ಎಲ್ಲಾ ನೋಡಿಸಿ ಆಯಿತು

ಸರ್ಜಾಪುರ_ರೈಡರ್:
ಎಲ್ಲರಿಗೂ ನಮಸ್ಕಾರ. ನನ್ನದು ಹ್ಯಾನೋವೇರಿಯನ್ ತಳಿಯ ಗೆಲ್ಡಿಂಗ್ (ಬೀಜ ಒಡೆಸಿದ ಗಂಡು ಕುದುರೆ), 9 ವರ್ಷ, ಸುಮಾರು 600 ಕೆಜಿ. ಪುಣೆಯಿಂದ ತಂದಿದ್ದು. ಅಲ್ಲಿ ಒಂದು ಮೀಟರ್ ಜಂಪ್ ಅದಕ್ಕೆ ಲೆಕ್ಕವೇ ಇರಲಿಲ್ಲ. ಮಳೆಗಾಲ ಶುರುವಾದಾಗಿನಿಂದ ಕ್ಯಾಂಟರ್ ಓಟದಲ್ಲಿ ಎಡ ಲೀಡ್ ಕೊಡುತ್ತಿಲ್ಲ, ಅಂದರೆ ಎಡ ಮುಂಗಾಲನ್ನು ಮುಂದೆ ಹಾಕಿ ಓಡುತ್ತಿಲ್ಲ. ಕೇಳಿದರೆ ಟ್ರಾಟ್‌ನಲ್ಲೇ (ಕ್ಯಾಂಟರ್‌ಗಿಂತ ನಿಧಾನದ ಓಟ) ಜೋರಾಗಿ ಓಡುತ್ತದೆ, ಇನ್ನೂ ಒತ್ತಿದರೆ ಕಿವಿ ಹಿಂದಕ್ಕೆ ಹಾಕಿಕೊಂಡು ಬಲ ಲೀಡಿಗೆ ಹೋಗಿಬಿಡುತ್ತದೆ. ಹೆಜ್ಜೆಯೂ ಗಿಡ್ಡ ಆಗಿದೆ. ಅಲ್ಲಲ್ಲಿ ಮುಗ್ಗರಿಸುತ್ತದೆ.

ಹಲ್ಲು ಉಜ್ಜಿಸಿದ್ದೇವೆ. ಜೀನು ಬದಲಿಸಿ ನೋಡಿದೆವು. ಮುಂಗಾಲಿನ ಎಕ್ಸ್‌ರೇ ಚೆನ್ನಾಗಿದೆ. ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸೇರಿ ಎಲ್ಲಾ ನಾರ್ಮಲ್. ನಮ್ಮ ಕೋಚ್ ಪ್ರಕಾರ ಇದು ಬರೀ ಹಠ, ಬೂಟಿಗೆ ಸ್ಪರ್ (ಚುಚ್ಚುವ ಮುಳ್ಳು) ಹಾಕಿ ಎರಡು ದಿನ ಸರಿಯಾಗಿ ಕೂತರೆ ದಾರಿಗೆ ಬರುತ್ತದೆ. ನನಗೇಕೋ ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ?

ಜಂಪಿಂಗ್_ಗೌಡ:
ಹಠ ಇರಲಿಕ್ಕಿಲ್ಲ, ಆದರೆ ಸಮತೋಲನದ ತೊಂದರೆ ಇರಬಹುದು ಗುರು. ನಿಮ್ಮದರಂಥ ದೊಡ್ಡ ವಾರ್ಮ್‌ಬ್ಲಡ್ ಕುದುರೆಗಳು ಒಂದು ಭುಜದ ಮೇಲೆ ವಾಲಿಕೊಂಡು ಓಡುವುದು ಮಾಮೂಲು. ಎಡಗಡೆ ಶೋಲ್ಡರ್-ಇನ್ (ಭುಜ ಒಳಕ್ಕೆ ತಂದು ಓರೆಯಾಗಿ ನಡೆಸುವ ಕಸರತ್ತು) ಮಾಡಿಸಿ, ಮೂಲೆಯಿಂದ ಹೊರಬರುವಾಗ ಕ್ಯಾಂಟರ್ ಕೇಳಿ. ನನ್ನ ಹೋಲ್‌ಸ್ಟೈನರ್ ಕುದುರೆಗೂ ಹೀಗೇ ಇತ್ತು, ಸರಿಹೋಯಿತು.

ಹೆಸರಘಟ್ಟ_ಲಾಯ:
ಶೋಲ್ಡರ್-ಇನ್ ಆಮೇಲೆ ನೋಡೋಣ. ಮೊದಲು ಮೂರು ಪ್ರಶ್ನೆ. ಸವಾರ ಇಲ್ಲದೆ ಲಂಜ್ ಹಗ್ಗದಲ್ಲಿ (ನಾವು ನಡುವೆ ನಿಂತು ಉದ್ದ ಹಗ್ಗ ಹಿಡಿದು) ಸುತ್ತ ಓಡಿಸಿದರೂ ಎಡ ಲೀಡ್ ಬರುವುದಿಲ್ಲವಾ? ಕುಂಟು ಯಾವಾಗಲೂ ಒಂದೇ ಕಾಲಿನದಾ, ಇಲ್ಲ ಕಾಲು ಬದಲಾಗುತ್ತಾ? ಗೋದಲಿಯಲ್ಲಿ ಏನು ಹಾಕುತ್ತೀರಿ? ಮೂರನೆಯದಕ್ಕೆ ಸುಮ್ನೆ "ಹುಲ್ಲು, ಬೂಸಾ" ಅನ್ನಬೇಡಿ. ಯಾವ ಹುಲ್ಲು, ಎಷ್ಟು ಕೆಜಿ ಅಂತ ಬರೆಯಿರಿ.

ಸರ್ಜಾಪುರ_ರೈಡರ್:
ಲಂಜ್‌ನಲ್ಲೂ ಬರುವುದಿಲ್ಲ ಸರ್. ಕುಂಟು ಅಂತ ಜೋರಾಗಿ ಇಲ್ಲ. ಆದರೆ ನೀವು ಕೇಳಿದ ಮೇಲೆ ಹಳೆಯ ವಿಡಿಯೋಗಳನ್ನೆಲ್ಲಾ ತೆಗೆದು ನೋಡಿದೆ. ಒಂದರಲ್ಲಿ ಬಲ ಮುಂಗಾಲು ಹಗುರವಾಗಿ ಇಡುತ್ತಿದೆ, ಇನ್ನೊಂದರಲ್ಲಿ ಎಡ ಹಿಂಗಾಲು.

ಮೇವು: ಪಕ್ಕದ ಹಾಲಿನ ಡೇರಿಯವರ ಹೊಲದಿಂದ ಹಸಿ ಸೀಮೆ ಹುಲ್ಲು, ಕೋ-4 ನೇಪಿಯರ್, ತಿಂದಷ್ಟು. ದಿನಕ್ಕೆ 2 ಕೆಜಿ ಗೋಧಿ ಬೂಸಾ ಎರಡು ಹೊತ್ತಿಗೆ ಕಲಸಿ. 1 ಕೆಜಿ ಬೇಯಿಸಿದ ಹುರುಳಿ. ಪುಣೆಯಲ್ಲಿ ಕುದುರೆ ಮಸಾಲೆ (ಲೂಸರ್ನ್) ಸೊಪ್ಪಿನ ಒಣ ಹುಲ್ಲು ಮತ್ತು ಓಟ್ಸ್ ಇತ್ತಂತೆ. ಇನ್ನೊಂದು ವಿಷಯ, ಇತ್ತೀಚೆಗೆ ಹುಲ್ಲಿನ ದಂಟನ್ನು ಅರ್ಧ ಅಗಿದು ಉಂಡೆ ಮಾಡಿ ಉಗುಳುತ್ತಿದೆ.

ಹೆಸರಘಟ್ಟ_ಲಾಯ:
ಅಲ್ಲೇ ಇದೆ ನೋಡಿ. ಸ್ಪರ್ ಪೆಟ್ಟಿಗೆಯಲ್ಲೇ ಇರಲಿ.

ನೇಪಿಯರ್ ಹುಲ್ಲಿನಲ್ಲಿ ಆಕ್ಸಲೇಟ್ ಜಾಸ್ತಿ. ಅದು ಕರುಳಿನಲ್ಲಿ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ, ಕುದುರೆಯ ರಕ್ತಕ್ಕೆ ಸೇರಲು ಬಿಡುವುದಿಲ್ಲ. ಹಸುವಿಗೆ ತೊಂದರೆ ಕಾಣುವುದಿಲ್ಲ, ಅದರ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಒಡೆದು ಹಾಕುತ್ತವೆ. ಕುದುರೆಗೆ ಆ ಸೌಕರ್ಯ ಇಲ್ಲ. ಡೇರಿಯವರು "ನಮ್ಮ ಹಸು ಇದನ್ನೇ ತಿಂದು ಹಾಲು ಸುರಿಸುತ್ತದೆ" ಅಂದರೆ ಅವರ ಮಾತು ನಿಜವೇ, ನಿಮಗೆ ಉಪಯೋಗ ಇಲ್ಲ ಅಷ್ಟೇ.

ಇದರ ಮೇಲೆ ಬೂಸಾ. ಗೋಧಿ ಬೂಸಾದಲ್ಲಿ ರಂಜಕ ಶೇ. 1ಕ್ಕಿಂತ ಸ್ವಲ್ಪ ಮೇಲೆ, ಕ್ಯಾಲ್ಸಿಯಂ ಶೇ. 0.1ರ ಆಸುಪಾಸು. ನಿಮ್ಮ 2 ಕೆಜಿ ಲೆಕ್ಕ ಹಾಕಿ: ರಂಜಕ 20 ಗ್ರಾಂಗೂ ಜಾಸ್ತಿ, ಕ್ಯಾಲ್ಸಿಯಂ 2-3 ಗ್ರಾಂ. ಹಗುರ ಕೆಲಸ ಮಾಡುವ 600 ಕೆಜಿ ಕುದುರೆಗೆ ದಿನಕ್ಕೆ ಸುಮಾರು 36 ಗ್ರಾಂ ಕ್ಯಾಲ್ಸಿಯಂ, 22 ಗ್ರಾಂ ರಂಜಕ ಬೇಕು. ಅಂದರೆ ರಂಜಕ ಬೂಸಾದಿಂದಲೇ ಮುಗಿಯಿತು. ಕ್ಯಾಲ್ಸಿಯಂ ಕೊಡಬೇಕಾದ ಹುಲ್ಲು ಅದನ್ನು ಬಿಟ್ಟುಕೊಡುತ್ತಿಲ್ಲ. ಒಟ್ಟು ಮೇವಿನಲ್ಲಿ ಕ್ಯಾಲ್ಸಿಯಂ ರಂಜಕದ ಒಂದೂವರೆಯಿಂದ ಎರಡು ಪಟ್ಟು ಇದ್ದರೆ ಒಳ್ಳೆಯದು, ರಂಜಕಕ್ಕಿಂತ ಕಡಿಮೆಯಂತೂ ಆಗಬಾರದು. ಹುರುಳಿಯನ್ನು ಬೈಯಬೇಡಿ, ಅದರಲ್ಲಿ ಎರಡೂ ಹೆಚ್ಚು ಕಡಿಮೆ ಸಮ.

ರಕ್ತ ನಾರ್ಮಲ್ ಬಂದಿದ್ದಕ್ಕೆ ಸಮಾಧಾನ ಬೇಡ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಪ್ಯಾರಾಥೈರಾಯ್ಡ್ ಗ್ರಂಥಿ ಮೂಳೆಯಿಂದ ಎಳೆದು ತುಂಬಿಸುತ್ತದೆ. ಹಾಗಾಗಿ ಕಾಗದದ ಮೇಲೆ ಎಲ್ಲಾ ಸರಿ, ಒಳಗೆ ಮೂಳೆ ಸವೆಯುತ್ತಿರುತ್ತದೆ. ಕಾಲು ಬದಲಾಗುವ ಕುಂಟು, ಗಿಡ್ಡ ಹೆಜ್ಜೆ, ಮುಗ್ಗರಿಸುವುದು, ಅಗಿಯಲು ಕಷ್ಟ, ನೀವು ಬರೆದಿದ್ದೆಲ್ಲಾ ಇದಕ್ಕೆ ಹೊಂದುತ್ತದೆ. ತೀರಾ ಮುಂದುವರಿದರೆ ಮುಖದ ಮೂಳೆ ಎರಡೂ ಕಡೆ ಊದುತ್ತದೆ, ಅದಕ್ಕೇ ಇದನ್ನು ಬಿಗ್ ಹೆಡ್ ಅನ್ನುತ್ತಾರೆ. ಹಿಂದೆ ಹಿಟ್ಟಿನ ಗಿರಣಿಯವರ ಕುದುರೆಗಳಿಗೆ ಇದು ಬರುತ್ತಿತ್ತು, ಮಿಕ್ಕ ಬೂಸಾ ಎಲ್ಲಾ ಅವುಗಳ ಬಾಯಿಗೇ ಹೋಗುತ್ತಿತ್ತಲ್ಲ.

ಈಗ ಲಾಯಕ್ಕೆ ಹೋಗಿ ಒಂದು ಕೆಲಸ ಮಾಡಿ. ಕುದುರೆಯ ಎದುರು ನಿಂತು ಕಣ್ಣಿನ ಕೆಳಗಿನ ಉದ್ದ ಏಣು ಇದೆಯಲ್ಲ, ಅದರ ಮೇಲಿನ ಜಾಗವನ್ನು ಎರಡೂ ಅಂಗೈಯಲ್ಲಿ ಒಟ್ಟಿಗೆ ಸವರಿ. ಏಣು ಚೂಪಾಗಿ ಕೈಗೆ ಸಿಗಬೇಕು. ಆಮೇಲೆ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಟೊಳ್ಳು ಶಬ್ದ ಬಂದರೆ ಸರಿ. ಮಂದ ಶಬ್ದ ಬಂದರೆ ಕುದುರೆ ನೋಡಿ ಅಭ್ಯಾಸ ಇರುವ ವೆಟ್‌ಗೆ ಇವತ್ತೇ ಫೋನ್ ಮಾಡಿ. ಮೂತ್ರದಲ್ಲಿ ರಂಜಕ ಎಷ್ಟು ಹೋಗುತ್ತಿದೆ ಅಂತ ನೋಡುವ ಪರೀಕ್ಷೆ ಕೇಳಿ, ರಕ್ತಕ್ಕಿಂತ ಅದು ಜಾಸ್ತಿ ಹೇಳುತ್ತದೆ. ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲೂ ವಿಚಾರಿಸಬಹುದು.

ಕನಕಪುರ_ಪೋನಿ_ಅಮ್ಮ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮಲ್ಲಿ ಮಕ್ಕಳು ಸವಾರಿ ಕಲಿಯುವ ಪೋನಿಗಳೂ ಇದೇ ಸೀಮೆ ಹುಲ್ಲು ತಿನ್ನುತ್ತವೆ, ಜೊತೆಗೆ ರಾಗಿ ಹುಲ್ಲು. ಅವಕ್ಕೆ ಏನೂ ಆಗಿಲ್ಲವಲ್ಲ? ಒಂದು ಹೆಣ್ಣು ಕುದುರೆ ಗಬ್ಬ ಬೇರೆ ಆಗಿದೆ. ಎಲೆ ಅಡಿಕೆಗೆ ಹಾಕುವ ಸುಣ್ಣ ಸ್ವಲ್ಪ ಕಲಸಿ ಕೊಟ್ಟರೆ ಕ್ಯಾಲ್ಸಿಯಂ ಸಿಗುತ್ತೆ ಅಂತ ನಮ್ಮ ಸೈಸ್ (ಕುದುರೆ ನೋಡಿಕೊಳ್ಳುವವನು) ಹೇಳುತ್ತಿದ್ದಾನೆ.

ಹೆಸರಘಟ್ಟ_ಲಾಯ:
ಸುಣ್ಣ ಬೇಡ ಮೇಡಂ! ಬಾಯಿ, ಗಂಟಲು ಸುಟ್ಟುಹೋಗುತ್ತದೆ. ಬೇಕಾಗಿರುವುದು ಮೇವಿಗೆಂದೇ ಮಾಡಿದ ಸುಣ್ಣದ ಕಲ್ಲಿನ ಪುಡಿ, ಕ್ಯಾಲ್ಸಿಯಂ ಕಾರ್ಬೊನೇಟ್. ಕೋಳಿ ಫೀಡ್ ಮಾರುವ ಅಂಗಡಿಯಲ್ಲಿ ಕೇಳಿ. 100 ಗ್ರಾಂನಲ್ಲಿ ಹತ್ತಿರ ಹತ್ತಿರ 38 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಎಷ್ಟು ಹಾಕಬೇಕು ಅನ್ನುವುದನ್ನು ವೆಟ್ ಹುಲ್ಲು, ತೂಕ ಎಲ್ಲಾ ನೋಡಿ ಹೇಳಲಿ.

ನಿಮ್ಮ ಪೋನಿಗಳಿಗೆ ಏನೂ ಆಗಿಲ್ಲ ಅಂದರೆ ರಾಗಿ ಹುಲ್ಲು ಬೆರೆಯುತ್ತಿದೆ, ಬೂಸಾ ಕಡಿಮೆ ಇರಬಹುದು. ಆದರೆ ಆ ಗಬ್ಬದ ಕುದುರೆಯನ್ನು ಹಾಗೆ ಬಿಡಬೇಡಿ. ಹನ್ನೊಂದು ತಿಂಗಳ ಗಬ್ಬದಲ್ಲಿ ಕೊನೆಯ ಮೂರು ತಿಂಗಳು ಮರಿಯ ಮೂಳೆ ಬೆಳೆಯುವ ಹೊತ್ತು, ಆಮೇಲೆ ಹಾಲಿಗೂ ಕ್ಯಾಲ್ಸಿಯಂ ಹೋಗುತ್ತದೆ. ಬಿಗ್ ಹೆಡ್ ಮೊದಲು ಹಿಡಿಯುವುದು ಹಾಲೂಡುವ ತಾಯಿ ಮತ್ತು ಬೆಳೆಯುವ ಮರಿಗಳನ್ನೇ.

ಇನ್ನೊಂದು ಮಾತು, ಡೇರಿಯಿಂದ ಹುಲ್ಲು ತರುವಾಗ ಅವರ ಹಿಂಡಿ ಮೂಟೆಯನ್ನೂ ತಂದುಬಿಡಬೇಡಿ. ಕೆಲವು ದನದ ಫೀಡಿನಲ್ಲಿ ಮೊನೆನ್ಸಿನ್ ಇರುತ್ತದೆ. ಹಸುವಿಗೆ ಒಳ್ಳೆಯದು, ಕುದುರೆಯ ಹೃದಯಕ್ಕೆ ವಿಷ.

ಜಂಪಿಂಗ್_ಗೌಡ:
ಹೊಟ್ಟೆ ಹುಣ್ಣಿನ ಸಾಧ್ಯತೆ? ಕಿವಿ ಹಿಂದಕ್ಕೆ ಹಾಕುವುದು, ಸವಾರ ಕಾಲಿನಿಂದ ಒತ್ತಿದರೆ ಸಿಡುಕುವುದು ಅದಕ್ಕೂ ಬರುತ್ತದೆ ಅಲ್ವಾ?

ಹೆಸರಘಟ್ಟ_ಲಾಯ:
ಬರುತ್ತದೆ ಗೌಡ್ರೇ, ಒಪ್ಪುತ್ತೇನೆ. ಕುದುರೆ ಹೊಟ್ಟೆ ಖಾಲಿ ಇದ್ದರೂ ಆಮ್ಲ ಸುರಿಯುತ್ತಲೇ ಇರುತ್ತದೆ. ಸಂಜೆ ಆರಕ್ಕೆ ಮೇವು ಹಾಕಿ ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯುವ ಲಾಯಗಳು ನಮ್ಮೂರಲ್ಲಿ ಬೇಕಾದಷ್ಟಿವೆ. ಹುಣ್ಣು ಇದೆಯಾ ಅಂತ ಗೊತ್ತಾಗಬೇಕಾದರೆ ಗ್ಯಾಸ್ಟ್ರೋಸ್ಕೋಪಿಯೇ (ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡುವುದು) ಆಗಬೇಕು. ಆದರೆ ಹುಣ್ಣಿನಿಂದ ಕುಂಟು ಕಾಲಿಂದ ಕಾಲಿಗೆ ಹಾರುವುದಿಲ್ಲ. ಇಲ್ಲಿ ಅದೇ ನನ್ನ ಕಣ್ಣು ಸೆಳೆದಿದ್ದು. ಒಳ್ಳೆಯ ಸುದ್ದಿ ಅಂದರೆ ಕುದುರೆ ಮಸಾಲೆ ಸೊಪ್ಪು ಎರಡಕ್ಕೂ ಆಗುತ್ತದೆ, ಅದರಲ್ಲಿ ಕ್ಯಾಲ್ಸಿಯಂ ರಂಜಕಕ್ಕಿಂತ ಎಷ್ಟೋ ಪಟ್ಟು ಇದೆ, ಹೊಟ್ಟೆಯ ಆಮ್ಲವನ್ನೂ ತಗ್ಗಿಸುತ್ತದೆ.

ಸರ್ಜಾಪುರ_ರೈಡರ್:
ತಟ್ಟಿ ನೋಡಿದೆ ಸರ್. ಎಡಗಡೆ ಶಬ್ದ ಮಂದ. ಬಲಗಡೆ ಅಷ್ಟಿಲ್ಲ. ವೆಟ್ ನಾಳೆ ಬರುತ್ತಾರೆ. ಅಲ್ಲಿಯವರೆಗೆ ಸವಾರಿ ನಿಲ್ಲಿಸಲಾ?

ಹೆಸರಘಟ್ಟ_ಲಾಯ:
ನಿಲ್ಲಿಸಿ. ಲಂಜ್ ಕೂಡ ಬೇಡ. ಮೂಳೆ ಮೆತ್ತಗಿರುವಾಗ ಸಣ್ಣ ಜಂಪಿನಲ್ಲೂ ಮೂಳೆ ಬಿರುಕು ಬಿಡಬಹುದು, ಸ್ನಾಯುರಜ್ಜು ಮೂಳೆಯಿಂದ ಕಿತ್ತು ಬರಬಹುದು. ಕೈಯಲ್ಲಿ ಹಿಡಿದು ನಡೆಸಿ ಸಾಕು. ಬೂಸಾ ಇವತ್ತಿನಿಂದಲೇ ನಿಲ್ಲಲಿ. ಹುಲ್ಲನ್ನು ಮಾತ್ರ ಒಂದೇ ಏಟಿಗೆ ಬದಲಿಸಬೇಡಿ, ಹೊಟ್ಟೆ ಶೂಲೆ ಬರುತ್ತದೆ. ಒಂದು ವಾರ, ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಮಾಡಿ.

ಸರ್ಜಾಪುರ_ರೈಡರ್:
ಸಂಕ್ರಾಂತಿ ಕಳೆದ ಮೇಲೆ ಬರೆಯುತ್ತಿದ್ದೇನೆ, ಯಾರಿಗಾದರೂ ಉಪಯೋಗ ಆಗಲಿ. ಮೂತ್ರದ ಪರೀಕ್ಷೆಯಲ್ಲಿ ರಂಜಕ ತುಂಬಾ ಮೇಲಿತ್ತು. ವೆಟ್ ಬಿಗ್ ಹೆಡ್ ಶುರುವಿನ ಹಂತ ಅಂದರು. ಈಗ ಕುದುರೆ ಮಸಾಲೆ ಸೊಪ್ಪು, ರೋಡ್ಸ್ ಒಣ ಹುಲ್ಲು, ಸ್ವಲ್ಪ ಓಟ್ಸ್, ಕಲ್ಲಿನ ಪುಡಿ. ಉಂಡೆ ಉಗುಳುವುದು ನಿಂತಿದೆ. ನಡಿಗೆ ಉದ್ದ ಆಗಿದೆ. ಮೊನ್ನೆ ಬಿಟ್ಟ ಕೂಡಲೇ ಪ್ಯಾಡಕ್‌ನಲ್ಲಿ ತಾನೇ ಎಡ ಲೀಡಿನಲ್ಲಿ ಒಂದು ಸುತ್ತು ಹೊಡೆಯಿತು, ಸೈಸ್ ಕೂಗಿ ಕರೆದ. ಹತ್ತುವುದಕ್ಕೆ ವೆಟ್ ಇನ್ನೂ ಒಪ್ಪಿಲ್ಲ, ಮೂಳೆ ತುಂಬಲು ತಿಂಗಳುಗಟ್ಟಲೆ ಬೇಕಂತೆ. ಕೋಚ್ ಬದಲಾಗಿದ್ದಾರೆ, ಆ ಕಥೆ ಬೇಡ.

ಗೌಡ್ರೇ, ಶೋಲ್ಡರ್-ಇನ್ ಪಾಠ ಬಾಕಿ ಇದೆ, ಮರೆಯಬೇಡಿ. ಸದ್ಯಕ್ಕೆ ನನ್ನ ತಲೆನೋವು ಬೇರೆ. ರೋಡ್ಸ್ ಹುಲ್ಲು ತುಂಬಾ ದೂರದಿಂದ ಬರುತ್ತಿದೆ, ಲಾರಿ ಬಾಡಿಗೆಯೇ ಜೇಬು ಖಾಲಿ ಮಾಡುತ್ತಿದೆ. ದೊಡ್ಡಬಳ್ಳಾಪುರ, ಹೊಸಕೋಟೆ, ಮಾಲೂರು ಕಡೆ ಬೆಳೆಯುವ ರೈತರು ಯಾರಾದರೂ ಇದ್ದರೆ ತಿಳಿಸಿ.