ಸ್ಕ್ರಾಚ್ ಆಯ್ತು, ಮುಂದೇನು ಮಾಡಿಸೋದು?

ಪ್ರಶ್ನೆ: ಸರ್ ನಮಸ್ತೆ, ಮಗಳು ಏಳನೇ ಕ್ಲಾಸು, ಮಗ ನಾಲ್ಕು. ಸ್ಕ್ರಾಚ್‌ನಲ್ಲಿ (ಬ್ಲಾಕ್ ಜೋಡಿಸಿ ಕೋಡಿಂಗ್ ಕಲಿಯೋದು) ಗೇಮ್ ಮಾಡಿ ಮಾಡಿ ಇಬ್ರಿಗೂ ಬೋರಾಗಿದೆಯಂತೆ, ಈಗ ರೋಬೋಟ್ ಬೇಕು ಅಂತ ಹಠ. ಆನ್‌ಲೈನಲ್ಲಿ 37 ಸೆನ್ಸರ್ ಇರೋ ಕಿಟ್ ನೋಡಿದೆ, ತಗೊಳ್ಳೋದಾ? ನಾನು ಓದಿದ್ದು ಬಿಕಾಂ, ಎಲೆಕ್ಟ್ರಾನಿಕ್ಸ್ ಗಂಧಗಾಳಿ ಇಲ್ಲ.

ಉತ್ತರ (ಎಂಬೆಡೆಡ್ ಇಂಜಿನಿಯರ್, ವೀಕೆಂಡಲ್ಲಿ ಮಕ್ಕಳಿಗೆ ಹೇಳ್ಕೊಡ್ತೀನಿ): ಕಿಟ್ ಬೇಡ ಮೇಡಂ, ಅರ್ಧಕ್ಕರ್ಧ ಸೆನ್ಸರ್ ಡಬ್ಬದಿಂದ ಆಚೆನೇ ಬರಲ್ಲ. ಮೊದ್ಲು ಒಂದು 3 ವೋಲ್ಟ್ ಕಾಯಿನ್ ಸೆಲ್ (ಬಿಲ್ಲೆ ಥರದ ಬ್ಯಾಟರಿ), ನಾಲ್ಕು ಎಲ್‌ಇಡಿ ತನ್ನಿ. ಎಲ್‌ಇಡಿಯ ಉದ್ದ ಕಾಲು ಪ್ಲಸ್ ಕಡೆ, ಗಿಡ್ಡ ಕಾಲು ಮೈನಸ್ ಕಡೆ ಬರೋ ಹಾಗೆ ಸೆಲ್ಲಿಗೆ ಸಿಗಿಸಿದ್ರೆ ಹತ್ಕೊಳ್ಳುತ್ತೆ, ಉಲ್ಟಾ ಆದ್ರೆ ಹತ್ತಲ್ಲ, ಇದನ್ನ ನೀವು ಮುಂಚೆನೇ ಹೇಳ್ಬೇಡಿ ಅವ್ರೇ ತಿರುಗಿಸಿ ನೋಡ್ಲಿ.

ಆಮೇಲೆ ಒಂದು ಮೈಕ್ರೋಬಿಟ್ ತಗೊಳಿ. ಬಿಬಿಸಿಯವ್ರು 2016ರಲ್ಲಿ ಬ್ರಿಟನ್ ಶಾಲೆ ಮಕ್ಕಳಿಗೆ ಫ್ರೀಯಾಗಿ ಹಂಚಿದ ಪುಟ್ಟ ಕಂಪ್ಯೂಟರ್ ಬೋರ್ಡು, 25 ಎಲ್‌ಇಡಿ, ಎರಡು ಬಟನ್, ಅಲುಗಾಡಿಸಿದ್ರೆ ಗೊತ್ತಾಗೋ ಸೆನ್ಸರ್ ಎಲ್ಲ ಅದ್ರಲ್ಲೇ ಇದೆ. ಅದಕ್ಕೆ ಕೋಡ್ ಮಾಡೋ ವೆಬ್‌ಸೈಟ್ ಮೇಕ್‌ಕೋಡ್‌ನಲ್ಲಿ ಸ್ಕ್ರಾಚ್ ಥರಾನೇ ಬ್ಲಾಕ್ ಎಳೆದು ಇಡೋದು, ಮಗನಿಗೂ ಕಷ್ಟ ಆಗಲ್ಲ. ಅವನಿಗೆ ಚೌಕಾಬಾರಕ್ಕೆ ದಾಳ ಮಾಡ್ಸಿ, ಅಲುಗಾಡಿಸಿದ್ರೆ ನಂಬರ್ ಬರ್ಬೇಕು ಅಷ್ಟೇ.

ಮಗಳಿಗೆ ನೀರು ಯಾವಾಗ ಬೇಕು ಅಂತ ಹೇಳೋ ತುಳಸಿ ಕುಂಡ. ಎರಡು ಮೊಳೆನ ಒಂದೆರಡು ಇಂಚು ದೂರದಲ್ಲಿ ಮಣ್ಣಿಗೆ ಚುಚ್ಚಿ, ಕ್ಲಿಪ್ ವೈರಲ್ಲಿ ಒಂದನ್ನ ಮೈಕ್ರೋಬಿಟ್ ಅಂಚಲ್ಲಿರೋ 3ವಿ (3 ವೋಲ್ಟ್) ಪಿನ್ನಿಗೆ ಇನ್ನೊಂದನ್ನ ಪಿ0 ಅನ್ನೋ ಪಿನ್ನಿಗೆ ಕೊಡಿ. ಪಿ0ನಲ್ಲಿ ಅನಲಾಗ್ ರೀಡ್ ಮಾಡಿದ್ರೆ (ಎಷ್ಟು ವೋಲ್ಟೇಜ್ ಬರ್ತಿದೆ ಅಂತ ಓದೋ ಬ್ಲಾಕ್) 0ಯಿಂದ 1023ರೊಳಗೆ ಒಂದು ನಂಬರ್ ಬರುತ್ತೆ, ಒದ್ದೆ ಮಣ್ಣಲ್ಲಿ ಕರೆಂಟ್ ಸಲೀಸಾಗಿ ಹರಿಯೋದ್ರಿಂದ ನಂಬರ್ ಏರುತ್ತೆ. ಎಷ್ಟಕ್ಕಿಂತ ಇಳಿದ್ರೆ ನೀರು ಹಾಕ್ಬೇಕು ಅನ್ನೋದನ್ನ ಅವಳೇ ಎರಡ್ಮೂರು ದಿನ ಬರ್ಕೊಂಡು ಕಂಡುಹಿಡೀಲಿ, ಯೂಟ್ಯೂಬ್ ನೋಡಿ ಅದೇ ನಂಬರ್ ಹಾಕೋದು ಬೇಡ, ಮಣ್ಣು ಬೇರೆ ಆದ್ರೆ ನಂಬರೂ ಬೇರೆ.

ಕಾಮೆಂಟ್: ಸರ್ ನಮ್ಮನೇಲಿ ಇದನ್ನೇ ಮಾಡಿದ್ವಿ, ಮೊಳೆ ಬೇಗ ತುಕ್ಕು ಹಿಡೀತು.

ಉತ್ತರ: ಸದಾ ಕರೆಂಟ್ ಹರೀತಿದ್ರೆ ಹಾಗೇ ಆಗೋದು. 3ವಿಗೆ ಕೊಟ್ಟಿದ್ದ ಮೊಳೆನ ಪಿ1 ಪಿನ್ನಿಗೆ ಹಾಕಿ, ಗಂಟೆಗೊಂದ್ಸಲ ಪಿ1 ಆನ್ ಮಾಡಿ, ಓದಿ, ಆಫ್ ಮಾಡಿ. ಕೋಡಿಂಗ್ ಯಾಕೆ ಬೇಕು ಅಂತ ಮಕ್ಕಳಿಗೆ ಗೊತ್ತಾಗೋದೇ ಇಲ್ಲಿ.

ಕಾಮೆಂಟ್: ಮನೇಲಿ ಪುಟ್ಟ ಮಗು ಇದ್ರೆ ಕಾಯಿನ್ ಸೆಲ್ ಬೇಡ ಮೇಡಂ.

ಉತ್ತರ: ಖಂಡಿತ ಬೇಡ. ನುಂಗಿದ್ರೆ ಎರಡು ಗಂಟೆಯೊಳಗೇ ಅನ್ನನಾಳ ಸುಡುತ್ತೆ, ತಕ್ಷಣ ಆಸ್ಪತ್ರೆಗೆ ಓಡ್ಬೇಕು. ಎರಡು ಪೆನ್ಸಿಲ್ ಸೆಲ್ ಬಾಕ್ಸ್ ಸಾಕು, ಆದ್ರೆ ಅದಕ್ಕೆ ಎಲ್‌ಇಡಿ ಜೊತೆ 100 ಓಮ್ ರೆಸಿಸ್ಟರ್ (ಕರೆಂಟ್ ತಗ್ಗಿಸೋ ಬಿಡಿಭಾಗ) ಹಾಕಿ.

ಪ್ರಶ್ನೆ: ಥ್ಯಾಂಕ್ಸ್ ಸರ್. ರೋಬೋಟ್ ಮಾಡೋಕೆ ಎಲ್ರೂ ಹೇಳೋ ಆರ್ಡಿನೋ ಬೋರ್ಡ್ ಬೇಡ್ವಾ ಹಾಗಾದ್ರೆ?

ಉತ್ತರ: ಮಗಳು ಒಂಬತ್ತನೇ ಕ್ಲಾಸಿಗೆ ಬರ್ಲಿ. ಅದ್ರಲ್ಲಿ ಕೋಡ್ ಟೈಪ್ ಮಾಡ್ಬೇಕು, ಒಂದು ಸೆಮಿಕೋಲನ್ ಬಿಟ್ರೂ ಎರರ್, ಚಿಕ್ಕ ಮಕ್ಕಳು ಅಲ್ಲೇ ಕೈ ಬಿಡ್ತಾರೆ. ಆಸೆ ತಡೀಲಾರ್ದೆ ಇದ್ರೆ ಟಿಂಕರ್‌ಕ್ಯಾಡ್ ವೆಬ್‌ಸೈಟಲ್ಲಿ ಫ್ರೀಯಾಗಿ ಸ್ಕ್ರೀನ್ ಮೇಲೇ ಆರ್ಡಿನೋ ಜೋಡಿಸಿ ಆಡ್ಲಿ, ಅಲ್ಲಿ ಎಲ್‌ಇಡಿ ಸುಟ್ರೂ ದುಡ್ಡು ಹೋಗಲ್ಲ.